ಮಳೆನೀರು ಮತ್ತು ಮೋಟಾರು ವಾಹನ: ಬಾಡಿ ಕಂಟ್ರೋಲ್ ಮಾಡ್ಯೂಲಿನ ದೋಷ ಪತ್ತೆ ಹಾಗೂ ಬದಲಾವಣೆ

ಪೀಠಿಕೆ

ಮುಂಬಯಿ ಮಹಾನಗರಕ್ಕೂ ಮಳೆಗೂ ಇರುವ ಸಂಬಂಧ ಸರ್ವವಿದಿತವಾದುದು. 2005ರ ಜುಲೈ 26ರಂದು ಸುರಿದ ಮಳೆಯನ್ನು ಅಲ್ಲಿನ ನಿವಾಸಿಗಳು ಇಂದಿಗೂ ಮರೆತಿಲ್ಲ. ಮರುದಿನ ಬೆಳಿಗ್ಗೆ 8-30ಕ್ಕೆ ಮುಗಿದ 24 ಗಂಟೆಗಳ ಅವಧಿಯಲ್ಲಿ ಸಾಂತಾಕ್ರೂಜ್ ಹವಾಮಾನ ವೀಕ್ಷಣಾಲಯದಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದ ಮಳೆ ಸುಮಾರು 73 ಮಿ.ಮೀ. ಮಾತ್ರ. ಹೀಗಾಗಿ ಬೆಳಿಗ್ಗೆ ನಗರದ ಕಚೇರಿಗಳಿಗೆ ತೆರಳಿದ್ದವರಿಗೆ ಉಪನಗರಗಳಲ್ಲಿ ಏನಾಗುತ್ತಿದೆ ಎಂಬುದರ ಅರಿವು ಸಂಜೆಯವರೆಗೂ ಸರಿಯಾಗಿ ಆಗಲಿಲ್ಲ. ಮೀಠಿ ನದಿಯ ಇಕ್ಕೆಲದ ಕುರ್ಲಾ, ಕಾಲಿನಾ ಮೊದಲಾದ ಪ್ರದೇಶಗಳು ಜಲಾವೃತವಾದವು. ಸಾವಿರಾರು ವಾಹನಗಳು ನೀರಿನಲ್ಲಿ ಮುಳುಗಿದವು. ಬಾಗಿಲು, ಕಿಟಕಿಗಳು ತೆರೆಯದೆ ತಮ್ಮ ಕಾರುಗಳೊಳಗೇ ಉಸಿರುಗಟ್ಟಿ ಸತ್ತವರೂ ಇದ್ದರು. 2019ರ ಜುಲೈ ತಿಂಗಳ ಆರಂಭದ ಮಹಾಮಳೆಯಲ್ಲಿಯೂ ಮಾಲಾಡ್ ಸಬ್‌ವೇಯಲ್ಲಿ ಸಿಲುಕಿದ ವಾಹನವೊಂದರಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು.

ಬಾಗಿಲಿನ ಬೀಗ, ಕಿಟಕಿಯ ಗಾಜು, ವೈಪರ್, ದೀಪ, ಹಾರ್ನ್ ಇವೆಲ್ಲವೂ ಇಂದಿನ ವಾಹನಗಳಲ್ಲಿ ಒಂದು ಸಣ್ಣ ವಿದ್ಯುನ್ಮಾನ ಪೆಟ್ಟಿಗೆಯ ಅಧೀನದಲ್ಲಿವೆ. ಇದಕ್ಕೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂದು ಹೆಸರು. ಗ್ಯಾರೇಜುಗಳಲ್ಲಿ ಇದನ್ನು ಸಂಕ್ಷೇಪವಾಗಿ ಬಿ.ಸಿ.ಎಂ. ಎನ್ನುತ್ತಾರೆ. ಈ ಘಟಕ ಕೆಟ್ಟಿತೆಂದು ಹೇಗೆ ನಿರ್ಧರಿಸಬೇಕು, ಕೆಟ್ಟಿದ್ದರೆ ಹೇಗೆ ಬದಲಾಯಿಸಬೇಕು, ಕೆಡದಂತೆ ಹೇಗೆ ಕಾಪಾಡಬೇಕು ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಸಿಕೊಡುವುದೇ ಈ ಪಾಠದ ಉದ್ದೇಶ. ವಾಹನವನ್ನೇ ಜೀವನೋಪಾಯ ಮಾಡಿಕೊಂಡಿರುವ ಟ್ಯಾಕ್ಸಿ ಮತ್ತು ಶಾಲಾ ವಾಹನಗಳ ಚಾಲಕರಿಗೂ, ವೃತ್ತಿಗೆ ಹೊಸದಾಗಿ ಪ್ರವೇಶಿಸುವ ಯುವ ಮೆಕ್ಯಾನಿಕರಿಗೂ ಇದು ವಿಶೇಷವಾಗಿ ಉಪಯುಕ್ತವಾಗಬಹುದು.

ಅಂದಿನ ವಾಹನ, ಇಂದಿನ ವಾಹನ

ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದೊಡನೆ ಹಿರಿಯರ ಕಣ್ಣಮುಂದೆ ಬರುವುದು ಪ್ರೀಮಿಯರ್ ಪದ್ಮಿನಿ. ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ವಾಹನ ಹಲವು ದಶಕಗಳ ಕಾಲ ನಗರದ ಬೀದಿಗಳನ್ನು ಆಳಿತು. 20 ವರ್ಷದ ವಯೋಮಿತಿಯನ್ನು ಪೂರೈಸಿದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಅಂತ್ಯದಲ್ಲಿ ಸೇವೆಯಿಂದ ನಿವೃತ್ತವಾಯಿತು. ಅದರ ವಿದ್ಯುತ್ ವ್ಯವಸ್ಥೆ ಅತ್ಯಂತ ಸರಳವಾದುದು. ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ ಒಂದು ತಂತಿ; ದೀಪದಿಂದ ವಾಹನದ ಲೋಹದ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿ. ಕಿಟಕಿಯ ಗಾಜು ಇಳಿಸಲು ಕೈಯಿಂದ ತಿರುಗಿಸುವ ಹಿಡಿಕೆ. ಒಂದು ಸ್ಕ್ರೂಡ್ರೈವರ್, ಒಂದು ಟೆಸ್ಟ್ ಲ್ಯಾಂಪ್ ಇದ್ದರೆ ರಸ್ತೆಬದಿಯಲ್ಲೇ ದುರಸ್ತಿ ಸಾಧ್ಯವಿತ್ತು.

ಕಾಲಕ್ರಮದಲ್ಲಿ ವಾಹನಗಳಲ್ಲಿ ಸೌಕರ್ಯಗಳು ಹೆಚ್ಚಿದವು. ಪ್ರತಿಯೊಂದು ಸೌಕರ್ಯಕ್ಕೂ ಪ್ರತ್ಯೇಕ ತಂತಿಗಳನ್ನು ಎಳೆಯುತ್ತ ಹೋದರೆ ತಂತಿಗಳ ಕಟ್ಟು ದಪ್ಪವಾಗುತ್ತದೆ, ತೂಕ ಏರುತ್ತದೆ, ಕೀಲುಗಳು ಹೆಚ್ಚಿದಷ್ಟೂ ದೋಷಗಳೂ ಹೆಚ್ಚುತ್ತವೆ. ಇದಕ್ಕೆ ಪರಿಹಾರವಾಗಿ ಹಲವು ವಿದ್ಯುನ್ಮಾನ ಘಟಕಗಳು ಎರಡೇ ತಂತಿಗಳ ಮೂಲಕ ಪರಸ್ಪರ ಸಂದೇಶ ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆ ರೂಪುಗೊಂಡಿತು. ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಈ ಪದ್ಧತಿಗೆ ಕ್ಯಾನ್ ಎಂದು ಹೆಸರು. ಒಂದೇ ಓಣಿಯ ಮನೆಯವರೆಲ್ಲ ಒಂದೇ ಕಟ್ಟೆಯಲ್ಲಿ ಕುಳಿತು ಮಾತನಾಡುವಂತೆ ಎಂಜಿನ್, ಬ್ರೇಕ್, ಏರ್‌ಬ್ಯಾಗ್, ಬಾಡಿ ಘಟಕಗಳು ಈ ಜೋಡಿತಂತಿಯ ಮೇಲೆ ಸುದ್ದಿಯನ್ನು ಹಂಚಿಕೊಳ್ಳುತ್ತವೆ. ಯಾವ ಸುದ್ದಿ ಯಾರಿಗೆ ಬೇಕೋ ಅವರು ಅದನ್ನು ತೆಗೆದುಕೊಳ್ಳುತ್ತಾರೆ.

ಬಿ.ಸಿ.ಎಂ. ಕೆಲಸ ಮಾಡುವ ಬಗೆ

ಬಿ.ಸಿ.ಎಂ. ಒಂದು ಪುಟ್ಟ ಗಣಕ. ಅದರಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಮೊದಲನೆಯದು, ಸ್ವಿಚ್ಚುಗಳು ಮತ್ತು ಸಂವೇದಕಗಳಿಂದ ಬರುವ ಸೂಚನೆಗಳನ್ನು ಗ್ರಹಿಸುವ ಭಾಗ. ಎರಡನೆಯದು, ಆ ಸೂಚನೆಗಳನ್ನು ಪರಿಶೀಲಿಸಿ ತೀರ್ಮಾನ ಕೈಗೊಳ್ಳುವ ಸೂಕ್ಷ್ಮ ನಿಯಂತ್ರಕ ಮತ್ತು ಅದರ ಸ್ಮೃತಿಕೋಶ. ಮೂರನೆಯದು, ದೀಪ, ಮೋಟಾರುಗಳಿಗೆ ವಿದ್ಯುತ್ತನ್ನು ಹರಿಯಬಿಡುವ ರಿಲೇಗಳು ಮತ್ತು ಅರೆವಾಹಕ ಸ್ವಿಚ್ಚುಗಳು. ನಾಲ್ಕನೆಯದು, ಇತರ ಘಟಕಗಳೊಡನೆ ಮಾತನಾಡುವ ಸಂಪರ್ಕ ಭಾಗ.

ಚಾಲಕನು ವೈಪರಿನ ಸ್ವಿಚ್ಚನ್ನು ಒತ್ತಿದಾಗ ವಿದ್ಯುತ್ತು ನೇರವಾಗಿ ವೈಪರಿಗೆ ಹೋಗುವುದಿಲ್ಲ. ಸ್ವಿಚ್ಚು ಒಂದು ವಿನಂತಿಯನ್ನಷ್ಟೇ ಕಳುಹಿಸುತ್ತದೆ. ಬಿ.ಸಿ.ಎಂ. ಆ ವಿನಂತಿಯನ್ನು ಓದಿ, ವೈಪರಿನ ರಿಲೇಗೆ ಆಜ್ಞೆ ನೀಡುತ್ತದೆ. ಬಾಗಿಲ ಬೀಗ, ಇಂಡಿಕೇಟರ್, ಹಾರ್ನ್, ಒಳದೀಪ, ಕಿಟಕಿಯ ಗಾಜು ಇವೆಲ್ಲವೂ ಬಹುಮಟ್ಟಿಗೆ ಇದೇ ಕ್ರಮವನ್ನು ಅನುಸರಿಸುತ್ತವೆ. ಅನೇಕ ವಾಹನಗಳಲ್ಲಿ ಕೀಲಿಕೈಯ ಗುಟ್ಟಿನ ಸಂಕೇತವನ್ನು ಗುರುತಿಸಿ ಎಂಜಿನ್ ಚಾಲನೆಗೆ ಅನುಮತಿ ನೀಡುವ ಇಮ್ಮೊಬಿಲೈಸರ್ ಕೆಲಸವೂ ಇದರ ಪಾಲಿಗೇ ಬಂದಿದೆ.

ಇಂಡಿಕೇಟರಿನ ಒಂದು ಬಲ್ಬು ಸುಟ್ಟುಹೋದರೆ ಉಳಿದ ಬಲ್ಬು ವೇಗವಾಗಿ ಮಿನುಗುವುದನ್ನು ಓದುಗರು ಗಮನಿಸಿರಬಹುದು. ಹರಿಯುವ ವಿದ್ಯುತ್ತು ಕಡಿಮೆಯಾದುದನ್ನು ಘಟಕವು ಅಳೆದು ಚಾಲಕನಿಗೆ ಎಚ್ಚರಿಕೆ ನೀಡುವ ಕ್ರಮವಿದು. ಹಳೆಯ ಬಲ್ಬಿನ ಜಾಗದಲ್ಲಿ ಅಲ್ಪ ವಿದ್ಯುತ್ತು ಸಾಕಾಗುವ ಎಲ್.ಇ.ಡಿ. ಬಲ್ಬನ್ನು ಹಾಕಿದಾಗಲೂ ಇದೇ ರೀತಿ ಆಗುತ್ತದೆ. ಇದು ಘಟಕದ ದೋಷವಲ್ಲ. ಇದನ್ನು ತಿಳಿಯದೆ ಒಳ್ಳೆಯ ಘಟಕವನ್ನು ಕಿತ್ತುಹಾಕುವುದು ಅನವಶ್ಯಕ ವೆಚ್ಚಕ್ಕೆ ದಾರಿ.

ಮುಂಬಯಿಯಲ್ಲಿ ಇದು ಕೆಡಲು ಕಾರಣಗಳು

ಅನೇಕ ವಾಹನಗಳಲ್ಲಿ ಬಿ.ಸಿ.ಎಂ. ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಸ್ ಪೆಟ್ಟಿಗೆಯ ಹಿಂದೆ ಅಥವಾ ಕಾಲಿಡುವ ಜಾಗದ ಪಕ್ಕದಲ್ಲಿರುತ್ತದೆ. ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ ಮೊದಲಾದ ತಗ್ಗು ಸ್ಥಳಗಳಲ್ಲಿ ನಿಂತ ನೀರು ವಾಹನದ ನೆಲಹಾಸನ್ನು ಮುಟ್ಟಿದರೆ ಈ ಘಟಕಕ್ಕೂ ಅದರ ಕನೆಕ್ಟರುಗಳಿಗೂ ಅಪಾಯ ತಪ್ಪಿದ್ದಲ್ಲ. ಮಳೆಯೊಡನೆ ಸಮುದ್ರದ ದೊಡ್ಡ ಭರತ ಸೇರಿದಾಗ ನಗರದ ಚರಂಡಿಗಳ ನೀರು ಹೊರಹೋಗಲಾರದೆ ಹಿಮ್ಮೆಟ್ಟುತ್ತದೆ. ಉಪ್ಪು ಹಾಗೂ ಕೊಳಚೆ ಬೆರೆತ ಇಂತಹ ನೀರು ಶುದ್ಧ ಮಳೆನೀರಿಗಿಂತ ಬಹಳ ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ. ಬ್ಯಾಟರಿಯ ಸಂಪರ್ಕ ಇರುವಾಗಲೇ ಇಂತಹ ನೀರು ಸರ್ಕಿಟ್ ಫಲಕವನ್ನು ಸೇರಿದರೆ ವಿದ್ಯುದ್ವಿಭಜನೆ ನಡೆದು ತಾಮ್ರದ ಸೂಕ್ಷ್ಮ ರೇಖೆಗಳು ಕೆಲವೇ ಸಮಯದಲ್ಲಿ ಕರಗತೊಡಗುತ್ತವೆ. ಆದುದರಿಂದ ನೀರಿಗೆ ಸಿಕ್ಕಿದ ವಾಹನದಲ್ಲಿ ಮೊತ್ತಮೊದಲು ಮಾಡಬೇಕಾದ ಕೆಲಸ ಬ್ಯಾಟರಿಯ ಋಣ ತುದಿಯನ್ನು ಕಳಚುವುದು. ‘ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎಂಬ ಆತುರವೇ ಎಷ್ಟೋ ವಾಹನಗಳನ್ನು ಕೆಡಿಸಿದೆ.

ಪ್ರವಾಹವಿಲ್ಲದೆಯೂ ನೀರು ಒಳಬರಬಹುದು. ಮುಂಗಾಜಿನ ಕೆಳಗಿನ ತೂಬುಗಳಲ್ಲಿ ಮರದ ಎಲೆಗಳು ಸಿಕ್ಕಿಕೊಂಡರೆ ಮಳೆನೀರು ಕ್ಯಾಬಿನ್ನಿನೊಳಗೆ ಇಳಿಯುತ್ತದೆ. ಏರ್‌ಕಂಡೀಷನರಿನಿಂದ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೂ ಇದೇ ಗತಿ. ಕಡಲತೀರದ ಉಪ್ಪು ಗಾಳಿಯಿಂದ ಕನೆಕ್ಟರುಗಳಲ್ಲಿ ಹಸಿರು ಕಿಲುಬು, ಅರ್ತಿಂಗ್ ಬೋಲ್ಟುಗಳಲ್ಲಿ ತುಕ್ಕು ಸೇರುತ್ತದೆ. ಬೀದಿಯಲ್ಲಿ ನಿಲ್ಲಿಸಿದ ವಾಹನಗಳಲ್ಲಿ ಇಲಿಗಳು ತಂತಿಯ ಹೊದಿಕೆಯನ್ನು ಕಡಿಯುತ್ತವೆ. ಇವುಗಳ ಜೊತೆಗೆ ಹೆಚ್ಚು ಶಕ್ತಿಯ ಹಾರ್ನ್ ಮತ್ತು ದೀಪಗಳನ್ನು ಮೂಲ ತಂತಿಗೇ ಜೋಡಿಸುವ ಅಭ್ಯಾಸವೂ ಘಟಕದ ಮೇಲೆ ಅತಿಭಾರ ಹೇರುತ್ತದೆ.

ದೋಷದ ಲಕ್ಷಣಗಳು

ಪರಸ್ಪರ ಸಂಬಂಧವಿಲ್ಲದ ಹಲವು ಉಪಕರಣಗಳು ಏಕಕಾಲದಲ್ಲಿ ತಪ್ಪಾಗಿ ವರ್ತಿಸುವುದು ಮುಖ್ಯ ಲಕ್ಷಣ. ವೈಪರ್ ತಾನಾಗಿ ಓಡುವುದು, ಬಾಗಿಲುಗಳು ತೆರೆದ ಕೂಡಲೇ ಮತ್ತೆ ಬೀಗ ಬೀಳುವುದು, ಒಳದೀಪ ಆರದಿರುವುದು, ಕೀಲಿಕೈಯನ್ನು ವಾಹನ ಗುರುತಿಸದಿರುವುದು, ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಬರಿದಾಗುವುದು ಇತ್ಯಾದಿ. ಆದರೆ ಒಂದು ಮಾತನ್ನು ನೆನಪಿಡಬೇಕು. ದುರ್ಬಲ ಬ್ಯಾಟರಿ, ಸಡಿಲವಾದ ಅರ್ತಿಂಗ್, ಸುಟ್ಟ ಫ್ಯೂಸ್, ಬಾಗಿಲ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ತುಂಡಾದ ತಂತಿ ಇವುಗಳೂ ಇದೇ ಲಕ್ಷಣಗಳನ್ನು ತೋರಿಸಬಲ್ಲವು. ಜ್ವರ ಬಂದವರಿಗೆಲ್ಲ ಒಂದೇ ಕಾಯಿಲೆ ಇರುವುದಿಲ್ಲ. ಆದ್ದರಿಂದ ಪರೀಕ್ಷೆ ಮೊದಲು, ಬದಲಾವಣೆ ಅನಂತರ.

ಪರೀಕ್ಷೆಯ ಕ್ರಮ

ಪರೀಕ್ಷೆಯನ್ನು ಮೂರು ಪ್ರಶ್ನೆಗಳಲ್ಲಿ ಅಡಗಿಸಬಹುದು. ಘಟಕಕ್ಕೆ ಆಹಾರ ಸಿಗುತ್ತಿದೆಯೇ? ಅದು ಮಾತನಾಡುತ್ತಿದೆಯೇ? ಹೇಳಿದ ಕೆಲಸವನ್ನು ಮಾಡುತ್ತಿದೆಯೇ? ಈ ಕ್ರಮವನ್ನು ಹಿಂದುಮುಂದು ಮಾಡಬಾರದು.

1. ವಿಚಾರಣೆ: ತೊಂದರೆ ಎಂದಿನಿಂದ ಇದೆ, ಮಳೆಯ ನಂತರ ಬಂದಿತೇ, ಇತ್ತೀಚೆಗೆ ಹೊಸ ಉಪಕರಣಗಳನ್ನು ಜೋಡಿಸಲಾಗಿದೆಯೇ ಎಂಬುದನ್ನು ಚಾಲಕನಿಂದ ಕೇಳಿ ಬರೆದುಕೊಳ್ಳಬೇಕು. ನೆಲಹಾಸನ್ನು ಎತ್ತಿ ತೇವವಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು.

2. ಬ್ಯಾಟರಿ: ಪೂರ್ಣ ಚಾರ್ಜ್ ಆದ, ವಿಶ್ರಾಂತಿಯಲ್ಲಿರುವ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಅದು 12.2 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7 ವೋಲ್ಟ್ ಇರುತ್ತದೆ.

3. ಫ್ಯೂಸುಗಳು: ಬಿ.ಸಿ.ಎಂ.ಗೆ ಒಂದೇ ದಾರಿಯಿಂದ ವಿದ್ಯುತ್ತು ಬರುವುದಿಲ್ಲ. ಸದಾ ಇರುವ ಪೂರೈಕೆ, ಕೀಲಿ ತಿರುಗಿಸಿದಾಗ ಬರುವ ಪೂರೈಕೆ ಹೀಗೆ ಹಲವು ದಾರಿಗಳಿರುತ್ತವೆ. ವಾಹನದ ವೈರಿಂಗ್ ನಕ್ಷೆಯ ಸಹಾಯದಿಂದ ಪ್ರತಿಯೊಂದು ಫ್ಯೂಸಿನ ಎರಡೂ ತುದಿಗಳಲ್ಲಿ ವೋಲ್ಟೇಜನ್ನು ಅಳೆಯಬೇಕು.

4. ಅರ್ತಿಂಗ್: ಹೆಡ್‌ಲೈಟ್, ಬ್ಲೋವರ್ ಮೊದಲಾದವನ್ನು ಚಾಲೂ ಮಾಡಿ, ಘಟಕದ ಅರ್ತ್ ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವಿನ ವೋಲ್ಟೇಜನ್ನು ಅಳೆಯಬೇಕು. ಅದು 0.1 ವೋಲ್ಟಿನ ಆಸುಪಾಸಿನಲ್ಲಿರಬೇಕು. ಇಲ್ಲಿ ಓಮ್ ಅಳತೆಯನ್ನು ನಂಬಬಾರದು. ತುಕ್ಕಿನಿಂದ ಕೇವಲ 0.1 ಓಮ್ ಅಡ್ಡಿ ಉಂಟಾಗಿದ್ದರೆ ಸಾಧಾರಣ ಮಲ್ಟಿಮೀಟರ್ ಅದನ್ನು ಸರಿಯಾಗಿದೆ ಎಂದೇ ತೋರಿಸುತ್ತದೆ. ಆದರೆ ಅದೇ ಕೀಲಿನ ಮೂಲಕ 18 ಆಂಪಿಯರ್ ಹರಿದಾಗ 1.8 ವೋಲ್ಟ್ ನಷ್ಟವಾಗುತ್ತದೆ. ಘಟಕಕ್ಕೆ ಅಷ್ಟು ಪೂರೈಕೆ ಕಡಿಮೆಯಾದಂತಾಯಿತು.

5. ಸ್ಕ್ಯಾನರ್: ಸ್ಟಿಯರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಕನೆಕ್ಟರ್ ಇರುತ್ತದೆ. ಇದಕ್ಕೆ ಸ್ಕ್ಯಾನರನ್ನು ಜೋಡಿಸಿ ದಾಖಲಾದ ದೋಷಸಂಕೇತಗಳನ್ನು ಓದಬೇಕು. ಪಿ ಅಕ್ಷರದಿಂದ ಆರಂಭವಾಗುವುವು ಎಂಜಿನ್ ಮತ್ತು ಗೇರಿಗೆ, ಸಿ ಬ್ರೇಕ್ ಮೊದಲಾದ ಚಾಸಿಗೆ, ಬಿ ವಾಹನದ ಬಾಡಿಗೆ, ಯು ಸಂಪರ್ಕ ಜಾಲಕ್ಕೆ ಸಂಬಂಧಿಸಿದುವು. ಯು0140 ಎಂಬುದು ಬಿ.ಸಿ.ಎಂ. ಜೊತೆ ಸಂಪರ್ಕ ತಪ್ಪಿದೆ ಎಂದು ಇತರ ಘಟಕಗಳು ನೀಡುವ ದೂರು. ಈ ದೂರು ಕಂಡಮಾತ್ರಕ್ಕೆ ಘಟಕ ಕೆಟ್ಟಿದೆ ಎನ್ನಲಾಗದು. ನೆರೆಯವರು ಉತ್ತರ ಕೊಡದಿದ್ದರೆ ಅವರು ಮನೆಯಲ್ಲಿಲ್ಲವೋ, ದಾರಿ ಮುಚ್ಚಿದೆಯೋ ಎಂಬುದನ್ನು ಹೋಗಿ ನೋಡಿಯೇ ತಿಳಿಯಬೇಕು. ಸಾಧಾರಣ ಅಗ್ಗದ ಸ್ಕ್ಯಾನರುಗಳು ಎಂಜಿನ್ನಿನ ಸಂಕೇತಗಳನ್ನು ಮಾತ್ರ ಓದುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು.

6. ಸಂಪರ್ಕ ತಂತಿಗಳು: ಕ್ಯಾನ್ ಜೋಡಿತಂತಿಯ ಎರಡು ತುದಿಗಳಲ್ಲಿ ತಲಾ 120 ಓಮ್ ಪ್ರತಿರೋಧಕಗಳಿರುತ್ತವೆ. ಬ್ಯಾಟರಿ ಕಳಚಿ, 16 ಪಿನ್ನಿನ ಕನೆಕ್ಟರಿನ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಓಮ್ ಬಂದರೆ ಎಲ್ಲೋ ತಂತಿ ತುಂಡಾಗಿದೆ ಅಥವಾ ಒಂದು ತುದಿಯ ಪ್ರತಿರೋಧಕ ಕಾಣೆಯಾಗಿದೆ. ಸೊನ್ನೆಯ ಸಮೀಪ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಗುಲಿವೆ. ಕೆಲವು ಹೊಸ ವಾಹನಗಳಲ್ಲಿ ಮಧ್ಯೆ ಬೇರೊಂದು ಘಟಕ ದ್ವಾರಪಾಲಕನಂತೆ ಇರುವುದರಿಂದ ತಯಾರಕರ ಕೈಪಿಡಿಯನ್ನು ನೋಡಿಯೇ ಅಳತೆಯ ಅರ್ಥ ಮಾಡಬೇಕು.

7. ಆಜ್ಞೆ ಮತ್ತು ಫಲ: ಸ್ಕ್ಯಾನರಿನಲ್ಲಿ ಪ್ರತ್ಯಕ್ಷ ಮಾಹಿತಿಯನ್ನು ತೆರೆದು ಸ್ವಿಚ್ಚನ್ನು ಒತ್ತಬೇಕು. ಒತ್ತಿದುದು ಅಲ್ಲಿ ಕಾಣದಿದ್ದರೆ ಮೊದಲು ಸ್ವಿಚ್ಚನ್ನೂ ತಂತಿಯನ್ನೂ ಪರೀಕ್ಷಿಸಬೇಕು. ಕಂಡರೆ ಸ್ಕ್ಯಾನರಿನಿಂದಲೇ ಆ ಉಪಕರಣಕ್ಕೆ ಆಜ್ಞೆ ನೀಡಿ, ಘಟಕದ ಸಂಬಂಧಿತ ಪಿನ್ನಿನಲ್ಲಿ ವೋಲ್ಟೇಜು ಬರುತ್ತದೆಯೇ ಎಂದು ಅಳೆಯಬೇಕು. ಬಂದಿದ್ದರೆ ದೋಷ ಹೊರಗಿನ ತಂತಿಯಲ್ಲಿ ಅಥವಾ ಉಪಕರಣದಲ್ಲಿದೆ. ಪೂರೈಕೆ, ಅರ್ತಿಂಗ್ ಸರಿಯಿದ್ದು, ಹೊರಗೆ ಶಾರ್ಟ್ ಸರ್ಕಿಟ್ ಇಲ್ಲದೆ, ಆಜ್ಞೆ ತಲುಪಿಯೂ ವೋಲ್ಟೇಜು ಬಾರದಿದ್ದರೆ ಮಾತ್ರ ಘಟಕ ಕೆಟ್ಟಿದೆ ಎಂದು ನಿರ್ಧರಿಸಬಹುದು.

ವಿದ್ಯುನ್ಮಾನ ಘಟಕಗಳ ತಂತಿಗಳಲ್ಲಿ ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಬಳಸಕೂಡದು. ಆ ಬಲ್ಬು ಎಳೆಯುವ ವಿದ್ಯುತ್ತೇ ಸೂಕ್ಷ್ಮ ಭಾಗಗಳನ್ನು ಸುಡಬಲ್ಲದು. ಡಿಜಿಟಲ್ ಮಲ್ಟಿಮೀಟರನ್ನೇ ಬಳಸಬೇಕು. ತಂತಿಯ ಹೊದಿಕೆಗೆ ಸೂಜಿ ಚುಚ್ಚುವುದೂ ಸಲ್ಲದು. ಆ ಸಣ್ಣ ರಂಧ್ರದಿಂದ ಮುಂದಿನ ಮಳೆಗಾಲದಲ್ಲಿ ತೇವ ಒಳಸೇರುತ್ತದೆ.

ಒಂದು ಅಭ್ಯಾಸ

ಚೆಂಬೂರಿನ ಟ್ಯಾಕ್ಸಿ ಚಾಲಕನೊಬ್ಬನ ವಾಹನ ಗ್ಯಾರೇಜಿಗೆ ಬಂದಿದೆ ಎಂದು ಊಹಿಸೋಣ. ಒಂದು ವಾರದ ಮಳೆಯ ನಂತರ ಎಡ ಇಂಡಿಕೇಟರ್ ಮಂಕಾಗಿದೆ, ಬಾಗಿಲುಗಳು ತಾವಾಗಿ ಬೀಗ ಹಾಕಿಕೊಳ್ಳುತ್ತವೆ, ಹೆಡ್‌ಲೈಟ್ ಹಾಕಿದರೆ ವೈಪರ್ ಅಲುಗುತ್ತದೆ. ಘಟಕವನ್ನೇ ಬದಲಾಯಿಸಬೇಕೆಂದು ಯಾರೋ ಹೇಳಿದ್ದಾರೆ. ಆ ವೆಚ್ಚವನ್ನು ಕೇಳಿ ಆತನಿಗೆ ದಿಕ್ಕು ತೋಚದಾಗಿದೆ. ವಾಹನ ನಿಂತ ಪ್ರತಿದಿನವೂ ಅವನ ಸಂಪಾದನೆಯೂ ನಿಂತಂತೆಯೇ.

ಬ್ಯಾಟರಿ 12.5 ವೋಲ್ಟ್ ಇದೆ. ಫ್ಯೂಸುಗಳೆಲ್ಲ ಸರಿಯಾಗಿವೆ. ಸ್ಕ್ಯಾನರಿಗೆ ಬಿ.ಸಿ.ಎಂ. ಉತ್ತರಿಸುತ್ತಿದೆ. ಆದರೆ ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ ಅರ್ತಿಂಗ್ ಅಳೆದಾಗ 1.8 ವೋಲ್ಟ್ ಬಂದಿತು. ಪಕ್ಕದ ಪ್ಲಾಸ್ಟಿಕ್ ಹಲಗೆಯನ್ನು ತೆಗೆದು ನೋಡಿದರೆ ಅರ್ತ್ ಬೋಲ್ಟು ಪೂರ್ತಿ ತುಕ್ಕು ಹಿಡಿದಿದೆ. ಹಿಂದಿರುಗುವ ನೇರ ದಾರಿ ಕಟ್ಟಿಕೊಂಡಾಗ ವಿದ್ಯುತ್ತು ಬೇರೆ ಉಪಕರಣಗಳ ಮೂಲಕ ದಾರಿ ಹುಡುಕುತ್ತದೆ. ಹೆಡ್‌ಲೈಟ್ ಹಾಕಿದರೆ ವೈಪರ್ ಅಲುಗಿದ್ದು ಇದೇ ಕಾರಣದಿಂದ. ಬೋಲ್ಟನ್ನು ಕಳಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಮಾಡಿ, ಮೇಲೆ ರಕ್ಷಕ ಗ್ರೀಸ್ ಹಚ್ಚಿದ ನಂತರ ಅದೇ ಅಳತೆ 0.04 ವೋಲ್ಟಿಗೆ ಇಳಿಯಿತು. ಎಲ್ಲ ತೊಂದರೆಗಳೂ ಒಮ್ಮೆಗೇ ನಿಂತವು. ಘಟಕದಲ್ಲಿ ದೋಷವೇ ಇರಲಿಲ್ಲ. ಅದನ್ನು ಬದಲಾಯಿಸಿದ್ದರೆ ಹಣವೂ ಹೋಗುತ್ತಿತ್ತು, ತೊಂದರೆಯೂ ಉಳಿಯುತ್ತಿತ್ತು.

ಬದಲಾಯಿಸುವ ವಿಧಾನ

ಪರೀಕ್ಷೆಯಿಂದ ದೋಷ ಖಚಿತವಾದ ಮೇಲೆ ಕೆಳಗಿನ ಕ್ರಮವನ್ನು ಅನುಸರಿಸಬೇಕು.

ಮೊದಲು ಹಳೆಯ ಘಟಕದ ಮೇಲಿನ ಭಾಗಸಂಖ್ಯೆಯನ್ನು ಬರೆದುಕೊಳ್ಳಬೇಕು. ಒಂದೇ ಮಾದರಿಯ ಕಾರಿನಲ್ಲಿಯೂ ಸೌಕರ್ಯಗಳಿಗೆ ತಕ್ಕಂತೆ ಘಟಕಗಳು ಬೇರೆಯಾಗಿರುತ್ತವೆ. ಹೊರನೋಟಕ್ಕೆ ಒಂದೇ ಆಗಿದ್ದರೆ ಸಾಲದು. ಹಳೆಯ ಘಟಕ ಇನ್ನೂ ಮಾತನಾಡುತ್ತಿದ್ದರೆ ಅದರಲ್ಲಿರುವ ವಾಹನದ ವಿವರಗಳನ್ನು ಸ್ಕ್ಯಾನರಿನ ಮೂಲಕ ಓದಿ ಉಳಿಸಿಕೊಳ್ಳಬೇಕು.

ಕೀಲಿಯನ್ನು ಹೊರತೆಗೆದು ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಸಂಗ್ರಹವಾಗಿರುವ ವಿದ್ಯುತ್ತು ಇಳಿಯಲು ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾಯಬೇಕು. ಈ ಎಚ್ಚರಿಕೆಯನ್ನು ಅಲಕ್ಷಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಲಸ ಮಾಡುವಾಗ ಏರ್‌ಬ್ಯಾಗ್ ಸಿಡಿದು ಗಾಯವಾಗುವ ಅಪಾಯವಿದೆ. ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಹೊಸ ಘಟಕಕ್ಕೆ ಹಾನಿಮಾಡದಂತೆ, ಅದನ್ನು ಕೈಗೆತ್ತಿಕೊಳ್ಳುವ ಮೊದಲು ವಾಹನದ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು.

ಕನೆಕ್ಟರುಗಳ ಸ್ಥಾನವನ್ನು ಛಾಯಾಚಿತ್ರ ತೆಗೆದಿಟ್ಟುಕೊಂಡು, ಪ್ರತಿಯೊಂದರ ಕೊಕ್ಕೆಯನ್ನು ಬಿಡಿಸಿ ನಿಧಾನವಾಗಿ ಕಳಚಬೇಕು. ತಂತಿಗಳನ್ನು ಹಿಡಿದು ಎಳೆಯಬಾರದು. ಕನೆಕ್ಟರಿನಲ್ಲಿ ಕಿಲುಬಿದ್ದರೆ ಅದನ್ನು ಸ್ವಚ್ಛಗೊಳಿಸದೆ ಹೊಸ ಘಟಕವನ್ನು ಜೋಡಿಸಕೂಡದು. ನೀರು ಎಲ್ಲಿಂದ ಬಂದಿತು ಎಂಬುದನ್ನು ಕಂಡುಹಿಡಿದು ಮುಚ್ಚದಿದ್ದರೆ ಹೊಸ ಘಟಕಕ್ಕೂ ಹಳೆಯದರ ಗತಿಯೇ ಬರುತ್ತದೆ.

ಹೊಸ ಘಟಕವನ್ನು ಕೂರಿಸಿದ ಮೇಲೆ ಅದಕ್ಕೆ ವಾಹನದ ಪರಿಚಯ ಮಾಡಿಕೊಡಬೇಕು. ವಾಹನದ ಗುರುತಿನ ಸಂಖ್ಯೆ, ಸೌಕರ್ಯಗಳ ವಿವರ, ಕೀಲಿಕೈಗಳ ಸಂಕೇತ ಇವನ್ನು ತಯಾರಕರ ಉಪಕರಣದ ಮೂಲಕ ದಾಖಲಿಸಲಾಗುತ್ತದೆ. ಈ ಸಮಯದಲ್ಲಿ ಬ್ಯಾಟರಿ ಕುಸಿದರೆ ಬರವಣಿಗೆ ಅರ್ಧಕ್ಕೆ ನಿಂತು ಹೊಸ ಘಟಕವೇ ನಿರುಪಯೋಗಿಯಾಗಬಹುದು. ಆದುದರಿಂದ ಸ್ಥಿರ ವೋಲ್ಟೇಜು ನೀಡುವ ಪೂರೈಕೆಯನ್ನು ಜೋಡಿಸಿರಬೇಕು. ವಾಹನದ ಎಲ್ಲ ಕೀಲಿಕೈಗಳನ್ನೂ ತಂದಿರಬೇಕು. ಅನೇಕ ವಾಹನಗಳಲ್ಲಿ ಆ ವೇಳೆ ಎದುರಿಗಿಲ್ಲದ ಕೀಲಿ ಮುಂದೆ ಕೆಲಸ ಮಾಡುವುದಿಲ್ಲ.

ಕೊನೆಯದಾಗಿ ದೋಷಸಂಕೇತಗಳನ್ನು ಅಳಿಸಿ, ದೀಪ, ಹಾರ್ನ್, ವೈಪರ್, ಕಿಟಕಿ, ಬೀಗ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಬೇಕು. ಪ್ರತಿಯೊಂದು ಬಾಗಿಲೂ ಒಳಗಿನಿಂದ ತೆರೆಯುತ್ತದೆಯೇ ಎಂಬುದನ್ನು ತಪ್ಪದೆ ನೋಡಬೇಕು. ವಾಹನವನ್ನು ಬೀಗಹಾಕಿ, ಘಟಕಗಳೆಲ್ಲ ನಿದ್ರಾವಸ್ಥೆಗೆ ಹೋಗಲು ಅರ್ಧ ಗಂಟೆಯಷ್ಟು ಬಿಟ್ಟು, ಬ್ಯಾಟರಿಯಿಂದ ಹರಿಯುವ ವಿದ್ಯುತ್ತನ್ನು ಅಳೆದರೆ ಅದು ಸಾಮಾನ್ಯವಾಗಿ 50 ಮಿಲಿ ಆಂಪಿಯರಿಗಿಂತ ಕಡಿಮೆಯಿರಬೇಕು.

ಹಳೆಯ ಬಿಡಿಭಾಗಗಳ ವಿಷಯ

ಕುರ್ಲಾದ ಸಿ.ಎಸ್.ಟಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಕಳಚಿದ ವಾಹನಗಳ ಬಿಡಿಭಾಗಗಳು ದೊರೆಯುತ್ತವೆ. ಬಾಗಿಲು, ಬಂಪರುಗಳನ್ನು ಹೀಗೆ ಕೊಳ್ಳಬಹುದಾದರೂ ಬಿ.ಸಿ.ಎಂ. ವಿಷಯ ಬೇರೆ. ಅದರ ಸ್ಮೃತಿಯಲ್ಲಿ ಹಳೆಯ ವಾಹನದ ಗುರುತೂ ಕೀಲಿಯ ಸಂಕೇತವೂ ಉಳಿದಿರುತ್ತವೆ. ಅನೇಕ ಘಟಕಗಳು ಒಮ್ಮೆ ಬರೆದುದನ್ನು ಅಳಿಸಲು ಅವಕಾಶ ಕೊಡುವುದಿಲ್ಲ. ಇದು ಕಳ್ಳತನವನ್ನು ತಡೆಯಲು ಮಾಡಿರುವ ವ್ಯವಸ್ಥೆ. ಪ್ರವಾಹದಲ್ಲಿ ಮುಳುಗಿದ ವಾಹನದಿಂದ ತೆಗೆದ ಘಟಕ ಹೊರಗಿನಿಂದ ಶುಭ್ರವಾಗಿ ಕಂಡರೂ ಒಳಗೆ ಕೊರೆತ ಆರಂಭವಾಗಿರಬಹುದು. ಕೊಳ್ಳಲೇಬೇಕಾದರೆ ರಸೀದಿ ಪಡೆದು, ವಾಹನಕ್ಕೆ ಹೊಂದಿಸಿಕೊಡುವ ಹೊಣೆಯನ್ನು ಮಾರಾಟಗಾರನಿಂದ ಬರೆಸಿಕೊಳ್ಳುವುದು ಕ್ಷೇಮ.

ಗ್ರಾಹಕರ ಹಕ್ಕುಗಳು

ದುರಸ್ತಿಗೆ ಮುನ್ನ ವೆಚ್ಚದ ಅಂದಾಜನ್ನು ಬರವಣಿಗೆಯಲ್ಲಿ ಕೇಳುವುದು, ಯಾವ ಪರೀಕ್ಷೆಯಿಂದ ಘಟಕ ಕೆಟ್ಟಿದೆಯೆಂದು ತಿಳಿಯಿತು ಎಂದು ವಿಚಾರಿಸುವುದು, ಬದಲಾಯಿಸಿದ ಹಳೆಯ ಘಟಕವನ್ನು ತೋರಿಸುವಂತೆ ಕೇಳುವುದು ಇವು ಪ್ರತಿಯೊಬ್ಬ ಗ್ರಾಹಕನೂ ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅನ್ವಯ ಪರಿಹಾರ ಕೋರಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಆರಂಭಿಸಿದ ‘ದುರಸ್ತಿಯ ಹಕ್ಕು’ ವ್ಯವಸ್ಥೆಯಲ್ಲಿ ಮೋಟಾರು ವಾಹನ ಕ್ಷೇತ್ರವೂ ಸೇರಿದೆ.

ವಿಮೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ವಾಹನದ ಸ್ವಂತ ಹಾನಿಗೆ ರಕ್ಷಣೆ ನೀಡುವ ಸಾಮಾನ್ಯ ವಿಮೆಯಲ್ಲಿ ಪ್ರವಾಹದ ಹಾನಿ ಸೇರಿರುತ್ತದೆ. ಆದರೆ ತಾನಾಗಿ ಉಂಟಾದ ಯಾಂತ್ರಿಕ ಅಥವಾ ವಿದ್ಯುತ್ ಕೆಡುಕು ಸೇರಿರುವುದಿಲ್ಲ. ನೀರಿನಲ್ಲಿ ನಿಂತ ವಾಹನವನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಕೆಡಿಸಿದರೆ ಪರಿಹಾರ ನಿರಾಕರಣೆಗೆ ಎಡೆಯಾಗಬಹುದು. ನೀರಿನ ಮಟ್ಟ ಕಾಣುವಂತೆ ಛಾಯಾಚಿತ್ರ ತೆಗೆದು, ವಿಮಾ ಸಂಸ್ಥೆಗೆ ಕೂಡಲೇ ತಿಳಿಸಿ, ವಾಹನವನ್ನು ಎಳೆಸಿಕೊಂಡು ಹೋಗಬೇಕು.

ಪ್ರಾಣರಕ್ಷಣೆಯೇ ಮೊದಲು

ನೀರು ಏರುತ್ತಿರುವಾಗ ವಾಹನದ ಚಿಂತೆಗಿಂತ ಪ್ರಾಣದ ಚಿಂತೆ ದೊಡ್ಡದು. ಒಂದು ಮೀಟರ್ ಅಗಲದ ಬಾಗಿಲಿನ ಹೊರಗೆ ಅದರ ಕೆಳ ಅಂಚಿನಿಂದ 60 ಸೆಂ.ಮೀ. ಎತ್ತರಕ್ಕೆ ನೀರು ನಿಂತು, ಒಳಗೆ ನೀರಿಲ್ಲದಿದ್ದರೆ, ಬಾಗಿಲಿನ ಮೇಲೆ ಬೀಳುವ ಒತ್ತಡ ಸುಮಾರು 180 ಕಿಲೋಗ್ರಾಂ ಭಾರಕ್ಕೆ ಸಮ. ಕೀಲಿನಿಂದ ದೂರದ ಅಂಚಿನಲ್ಲಿ ತಳ್ಳಿದರೂ ಸುಮಾರು 90 ಕಿಲೋಗ್ರಾಂ ಭಾರವನ್ನು ನೂಕಿದಷ್ಟು ಬಲ ಬೇಕು. ಕುಳಿತಲ್ಲಿಂದ ಅದನ್ನು ತೆರೆಯುವುದು ಹೆಚ್ಚಿನವರಿಗೆ ಅಸಾಧ್ಯ. ಆದ್ದರಿಂದ ನೀರು ಬಾಗಿಲ ತಳವನ್ನು ಮುಟ್ಟುವ ಮೊದಲೇ ಬೀಗ ತೆರೆದು, ಕಿಟಕಿಯ ಗಾಜನ್ನು ಇಳಿಸಿ, ಎಲ್ಲರೂ ಹೊರಬರಬೇಕು. ಘಟಕವು ನೀರಿಗೆ ಸಿಕ್ಕಿದ ಮೇಲೆ ಕಿಟಕಿಯ ಸ್ವಿಚ್ಚು ಆಜ್ಞೆಯನ್ನು ಪಾಲಿಸುತ್ತದೆ ಎಂದು ನಂಬುವಂತಿಲ್ಲ.

ಅನೇಕ ವಾಹನಗಳಲ್ಲಿ ಒಳಗಿನ ಹಿಡಿಕೆಯನ್ನು ಒಮ್ಮೆ ಅಥವಾ ಎರಡು ಬಾರಿ ಎಳೆದರೆ ವಿದ್ಯುತ್ತಿಲ್ಲದೆಯೂ ಬೀಗ ತೆರೆಯುತ್ತದೆ. ತಮ್ಮ ವಾಹನದಲ್ಲಿ ಇದು ಹೇಗೆ ಎಂಬುದನ್ನು ಒಣಹವೆಯ ದಿನವೇ ಅಭ್ಯಾಸ ಮಾಡಿಕೊಳ್ಳಬೇಕು. ಮಕ್ಕಳ ಸುರಕ್ಷೆಗಾಗಿ ಹಿಂಬಾಗಿಲಿಗೆ ಹಾಕಿದ ಬೀಗ ಒಳಗಿನಿಂದ ತೆರೆಯದು ಎಂಬುದೂ ನೆನಪಿರಲಿ. ಚೂಪು ತುದಿಯ ಸಣ್ಣ ಸುತ್ತಿಗೆಯೊಂದು ಚಾಲಕನ ಕೈಗೆಟಕುವಲ್ಲಿರಬೇಕು. ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು. ಮುಂಗಾಜು ಪದರಗಳಿಂದ ಕೂಡಿರುವುದರಿಂದ ಅದನ್ನು ಒಡೆದು ಹೊರಬರುವುದು ಸುಲಭವಲ್ಲ.

ಉಪಸಂಹಾರ

ತಂತ್ರಜ್ಞಾನ ಬದಲಾದಂತೆ ಮೆಕ್ಯಾನಿಕನ ಕಸುಬೂ ಬದಲಾಗಬೇಕಾಗಿದೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ದೊರೆಯುತ್ತಿದೆ. ಹಳೆಯ ಕೈಚಳಕಕ್ಕೆ ಹೊಸ ಅಳತೆಯ ಶಿಸ್ತು ಸೇರಿದರೆ ಮಾತ್ರ ಇಂದಿನ ವಾಹನಗಳ ದುರಸ್ತಿ ಸಮರ್ಪಕವಾಗುತ್ತದೆ. ಗ್ರಾಹಕರೂ ಅಷ್ಟೇ, ಪರೀಕ್ಷೆಯ ಕ್ರಮವನ್ನು ಸ್ಥೂಲವಾಗಿ ಅರಿತಿದ್ದರೆ ವೃಥಾ ವೆಚ್ಚದಿಂದ ಪಾರಾಗಬಹುದು. ಮುಂಗಾರು ಆರಂಭವಾಗುವ ಮೊದಲು ಅರ್ತ್ ಬೋಲ್ಟುಗಳನ್ನು ಸ್ವಚ್ಛಗೊಳಿಸುವುದು, ತೂಬುಗಳಲ್ಲಿನ ಕಸ ತೆಗೆಸುವುದು, ಬ್ಯಾಟರಿಯನ್ನು ಪರೀಕ್ಷಿಸುವುದು, ನಾಲ್ಕೂ ಬಾಗಿಲುಗಳನ್ನು ಒಳಗಿನಿಂದ ತೆರೆದು ನೋಡುವುದು: ಈ ನಾಲ್ಕು ಕೆಲಸಗಳಿಗೆ ಅರ್ಧ ದಿನ ಸಾಕು. ಆ ಅರ್ಧ ದಿನ ಒಂದು ಕುಟುಂಬದ ಸಂಪಾದನೆಯನ್ನು, ಕೆಲವೊಮ್ಮೆ ಪ್ರಾಣವನ್ನೂ ಉಳಿಸಬಲ್ಲದು.